ಸಾಸಿವೆ ಡಬ್ಬಿಯೂ ಸಂವಿಧಾನವೂ

ಕಳೆದ ಜುಲೈನಲ್ಲಿ ಅಮೆರಿಕದಿಂದ ಮೊಮ್ಮಗಳು ಬಂದಿದ್ದಳು. ಹದಿಮೂರು ವರ್ಷ. ಹುಟ್ಟಿ ಬೆಳೆದದ್ದೆಲ್ಲ ನ್ಯೂಜೆರ್ಸಿಯಲ್ಲಿ. ಅವರ ಬೇಸಿಗೆ ರಜೆ ಎಂದರೆ ನಮ್ಮ ಮಳೆಗಾಲ. ಚಿಕ್ಕವಳಿದ್ದಾಗ ‘ಕೊಂಡಜ್ಜಿ ಅಂದರೆ ಯಾವ ಅಜ್ಜಿ? ನಮ್ಮಜ್ಜಿಗೆ ಏನಾಗಬೇಕು?’ ಎಂದು ಕೇಳಿ ಮನೆಮಂದಿಯನ್ನೆಲ್ಲ ನಗಿಸಿದ್ದವಳು, ಈಗ ಒಬ್ಬಳೇ ಕೆರೆ ಏರಿಯ ಮೇಲೆ ಹೋಗಿ ಗುಡ್ಡದ ಚಿತ್ರ ಬಿಡಿಸಿಕೊಂಡು ಬರುವಷ್ಟು ದೊಡ್ಡವಳಾಗಿದ್ದಾಳೆ.

ಆ ಚಿತ್ರಗಳ ನೋಟ್‌ಬುಕ್ಕಿನಿಂದಲೇ ರಗಳೆ ಶುರುವಾಯಿತು. ಒಂದು ಸಂಜೆ ಅವಳು ಅದನ್ನು ಜಗಲಿಯ ಮೇಲೆ ಬಿಟ್ಟು ಒಳಗೆ ಹೋಗಿದ್ದಳು. ಇರಚಲು ಹೊಡೆಯತೊಡಗಿತು. ನೆನೆದೀತೆಂದು ಎತ್ತಿಕೊಂಡೆ. ಎತ್ತಿಕೊಂಡವನು ಸುಮ್ಮನೆ ಒಳಗಿಟ್ಟಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ತೆರೆದೆ. ಮೊದಲ ಪುಟದಲ್ಲಿ ಕೆರೆ, ಎರಡನೆಯದರಲ್ಲಿ ಸ್ಕೌಟ್ ಕ್ಯಾಂಪಿನ ಮರಗಳು, ಮೂರನೆಯದರಲ್ಲಿ ಬರಹ. ಓದಿದೆ. ತಲೆ ಎತ್ತಿದರೆ ಬಾಗಿಲಲ್ಲಿ ಮೊಮ್ಮಗಳು.

ಕೂಗಾಡಲಿಲ್ಲ. ‘ಅಜ್ಜ, ಅದು ನಂದು. ಕೇಳಿ ತೆಗೀಬೇಕಿತ್ತು’ ಎಂದಳು.

‘ಅಜ್ಜನ ಹತ್ರ ಏನವ್ವಾ ಮುಚ್ಚುಮರೆ?’ ಎಂದು ನಕ್ಕೆ. ಅವಳು ನಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಮಾತಿಲ್ಲ.

ಮರುದಿನ ಭಾನುವಾರ. ದಾವಣಗೆರೆಯಿಂದ ಮಗಳ ಮಗ ಬಂದ. ಅವನಿಗೂ ಹದಿಮೂರೇ, ಎಂಟನೇ ತರಗತಿ. ಇಬ್ಬರೂ ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಪಂಚಾಯ್ತಿಗೆ ಕೂತರು. ಆರೋಪಿ ನಾನು.

ಅವಳ ವಾದ ಹೀಗಿತ್ತು. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಹತ್ತು ತಿದ್ದುಪಡಿಗಳನ್ನು ಸೇರಿಸಿದರು. ಹಕ್ಕುಗಳ ಮಸೂದೆ ಎಂದು ಅದಕ್ಕೆ ಹೆಸರು. ಶಾಲೆಯಲ್ಲಿ ಅವಳಿಗೆ ಪಾಠವಾಗಿದೆ. ಅದರಲ್ಲಿ ನಾಲ್ಕನೆಯದರ ಪ್ರಕಾರ ಜನರ ಮೈ, ಮನೆ, ಕಾಗದಪತ್ರ, ವಸ್ತುಗಳನ್ನು ಸರ್ಕಾರ ಸಕಾರಣವಿಲ್ಲದೆ ತಡಕಾಡುವಂತಿಲ್ಲ. ಶೋಧಿಸುವುದಾದರೆ ವಾರಂಟ್ ಬೇಕು. ಎಲ್ಲಿ ಹುಡುಕುವುದು, ಏನನ್ನು ಹುಡುಕುವುದು ಎಂದು ಅದರಲ್ಲಿ ಬರೆದಿರಬೇಕು.

‘ಅಜ್ಜ ಪೊಲೀಸ್ ಅಲ್ವಲ್ಲ?’ ಎಂದ ಮೊಮ್ಮಗ, ನನ್ನ ಪರವಾಗಿ.

‘ಪೊಲೀಸರಿಗೇ ಇಲ್ಲದ ಅಧಿಕಾರ ಅಜ್ಜನಿಗೆ ಎಲ್ಲಿಂದ ಬಂತು?’

ಕಾನೂನು ಬಲ್ಲವರು ಇದಕ್ಕೆ ಉತ್ತರ ಹೇಳಿಯಾರು. ಸಂವಿಧಾನ ಕಟ್ಟಿಹಾಕುವುದು ಮುಖ್ಯವಾಗಿ ಸರ್ಕಾರವನ್ನೇ ಹೊರತು ಅಜ್ಜಂದಿರನ್ನಲ್ಲ. ಆದರೆ ಆ ಕ್ಷಣಕ್ಕೆ ನನ್ನ ಬಾಯಿ ಕಟ್ಟಿತು. ಅಷ್ಟರಲ್ಲಿ ಮೊಮ್ಮಗ ಇನ್ನೊಂದು ಪ್ರಶ್ನೆ ಎಸೆದ. ‘ಅಜ್ಜ, ನಮ್ಮ ಸಂವಿಧಾನದಾಗೆ ಇದು ಎಷ್ಟನೇ ವಿಧಿ?’

‘ಇದೆ, ಇದೆ, ನೋಡಿ ಹೇಳ್ತೀನಿ’ ಎಂದೆ. ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನಿಗೆ ಇಂಥ ಉತ್ತರ ಅಭ್ಯಾಸವಾಗಿಬಿಟ್ಟಿರುತ್ತದೆ. ಆಮೇಲೆ ನಿಜವಾಗಿಯೂ ನೋಡಿದೆ. ಮೂಲಭೂತ ಹಕ್ಕುಗಳಿರುವುದು ಮೂರನೆಯ ಭಾಗದಲ್ಲಿ, 12ನೇ ವಿಧಿಯಿಂದ 35ರವರೆಗೆ. ಸಮಾನತೆ ಇದೆ, ಮಾತಿನ ಸ್ವಾತಂತ್ರ್ಯ ಇದೆ, ಅಸ್ಪೃಶ್ಯತೆಯ ನಿಷೇಧ ಇದೆ, 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವೂ ಇದೆ. ಮನೆ, ಕಾಗದಪತ್ರ, ಖಾಸಗಿತನ ಎಂಬ ಮಾತು ಮಾತ್ರ ಎಲ್ಲೂ ಇಲ್ಲ!

ಮಜಾ ಏನೆಂದರೆ ‘ಖಾಸಗಿತನ’ ಎಂಬ ಪದ ಅಮೆರಿಕದ ಸಂವಿಧಾನದಲ್ಲೂ ಇಲ್ಲ. ಎರಡೂ ದೇಶದವರು ಅದನ್ನು ಬೇರೆ ಬೇರೆ ದಾರಿಯಲ್ಲಿ ಹುಡುಕಿಕೊಂಡಿದ್ದಾರೆ. ಆ ಕತೆ ಹೇಳುತ್ತೇನೆ. ನಮ್ಮ ದಾರಿ ಮುಗಿಯುವುದು ಕರ್ನಾಟಕದ ಒಬ್ಬ ಅಜ್ಜನ ಹತ್ತಿರ.

ಮೊದಲು ಅವರದು. ಅಮೆರಿಕ ಬ್ರಿಟಿಷರ ವಸಾಹತಾಗಿದ್ದಾಗ ಸುಂಕದ ಅಧಿಕಾರಿಗಳ ಕೈಯಲ್ಲಿ ಒಂದು ಬಗೆಯ ಆಜ್ಞಾಪತ್ರ ಇರುತ್ತಿತ್ತು. ಕಳ್ಳಸಾಗಣೆಯ ಮಾಲು ಹುಡುಕುವ ನೆಪದಲ್ಲಿ ಯಾರ ಮನೆಗಾದರೂ, ಯಾವ ಮಳಿಗೆಗಾದರೂ ನುಗ್ಗಬಹುದು. ಯಾರ ಮನೆ ಎಂದು ಅದರಲ್ಲಿ ಬರೆಯಬೇಕಿಲ್ಲ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಸಹಿ ಮಾಡಿ ಮೊತ್ತ ಬರೆಯದೆ ಕೊಟ್ಟ ಖಾಲಿ ಚೆಕ್ಕು. 1761ರಲ್ಲಿ ಬಾಸ್ಟನ್ನಿನಲ್ಲಿ ಜೇಮ್ಸ್ ಓಟಿಸ್ ಎಂಬ ವಕೀಲ ಇದರ ವಿರುದ್ಧ ವಾದಿಸಿ ಸೋತ. ವಾದ ಕೇಳುತ್ತ ಕೂತಿದ್ದ ತರುಣ ವಕೀಲ ಜಾನ್ ಆಡಮ್ಸ್ ಮುಂದೆ ಆ ದೇಶದ ಎರಡನೆಯ ಅಧ್ಯಕ್ಷನಾದ. ಸ್ವಾತಂತ್ರ್ಯ ಬಂದ ಮೇಲೆ ಆ ಸಿಟ್ಟೇ ನಾಲ್ಕನೆಯ ತಿದ್ದುಪಡಿಯಾಯಿತು. ಆಗ ಗುಲಾಮರಾಗಿದ್ದ ಕರಿಯರಿಗೆ ಇದರ ನೆರಳೂ ತಾಗಲಿಲ್ಲ ಎಂಬುದನ್ನೂ ಮಕ್ಕಳು ತಿಳಿದಿರಬೇಕು. ಗುಲಾಮಗಿರಿ ರದ್ದಾಗಲು 1865ರವರೆಗೆ ಕಾಯಬೇಕಾಯಿತು.

ಟೆಲಿಫೋನು ಬಂದಾಗ ಅಲ್ಲಿನ ನ್ಯಾಯಾಲಯಕ್ಕೆ ಹೊಸ ಫಜೀತಿ. ಸರ್ಕಾರ ತಂತಿಗೆ ಕಿವಿಯಿಟ್ಟರೆ ಅದು ಶೋಧವೇ? ಮನೆಯೊಳಗೆ ಯಾರೂ ಕಾಲಿಟ್ಟಿಲ್ಲವಲ್ಲ! 1928ರಲ್ಲಿ ಸುಪ್ರೀಂ ಕೋರ್ಟ್ ‘ಶೋಧವಲ್ಲ’ ಎಂದಿತು. 1967ರಲ್ಲಿ ಮಾತು ಬದಲಿಸಿತು. ಲಾಸ್ ಏಂಜಲೀಸಿನಲ್ಲಿ ಜೂಜಿನ ವ್ಯವಹಾರ ಮಾಡುತ್ತಿದ್ದ ಕ್ಯಾಟ್ಜ್ ಎಂಬಾತ ರಸ್ತೆ ಬದಿಯ ಟೆಲಿಫೋನ್ ಬೂತಿನಲ್ಲಿ ಆಡಿದ ಮಾತನ್ನು ಪೊಲೀಸರು ಹೊರಗೆ ಯಂತ್ರವಿಟ್ಟು ಕೇಳಿಸಿಕೊಂಡಿದ್ದರು. ಬೂತಿನ ಬಾಗಿಲು ಎಳೆದುಕೊಂಡು ಮಾತಾಡುವವನು ತನ್ನ ಮಾತು ಲೋಕಕ್ಕೆಲ್ಲ ಕೇಳಲಿ ಎಂದು ಬಯಸಿರುವುದಿಲ್ಲ, ಕಾಪಾಡಬೇಕಾದ್ದು ಮನುಷ್ಯನನ್ನೇ ಹೊರತು ಬರೀ ಜಾಗವನ್ನಲ್ಲ ಎಂದಿತು ಕೋರ್ಟು. ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು ಹಾಕಿಕೊಂಡು ಮೀಟರಿನ ಮೇಲೆ ಕಣ್ಣಿಟ್ಟು ಮಾತಾಡಿದ ನಮ್ಮ ಕಾಲದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಈಗ ನಮ್ಮ ಕಡೆಗೆ. ನಮ್ಮ ಸಂವಿಧಾನ ಬರೆಯುವಾಗ ಈ ಮಾತು ಯಾರಿಗೂ ಹೊಳೆದಿರಲಿಲ್ಲ ಎಂದುಕೊಳ್ಳಬೇಡಿ. 1947ರಲ್ಲಿ ಹಕ್ಕುಗಳ ಕರಡುಗಳನ್ನು ಮುಂದಿಟ್ಟಾಗ ಡಾ. ಅಂಬೇಡ್ಕರ್ ಅವರದರಲ್ಲೂ ಕೆ.ಎಂ. ಮುನ್ಷಿ ಅವರದರಲ್ಲೂ ಮನೆ, ಪತ್ರಗಳ ರಕ್ಷಣೆಯ ಮಾತಿತ್ತು. ಬೇಡವೆಂದವರಲ್ಲಿ ಒಬ್ಬರು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್, ಇನ್ನೊಬ್ಬರು ನಮ್ಮವರೇ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಮುಂದೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರೂ ಆದರು. ಇಂಥ ಹಕ್ಕು ಬರೆದಿಟ್ಟರೆ ಪೊಲೀಸ್ ತನಿಖೆಗೆ ತೊಡಕಾದೀತು ಎಂಬುದು ಅವರ ಆತಂಕ. ದೇಶ ವಿಭಜನೆಯ ಬೆಂಕಿಯಲ್ಲಿದ್ದ ಹೊತ್ತು. ಆ ಆತಂಕವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಅದೇ ವರ್ಷ ರಾವ್ ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನೂ ಕಂಡು ಬಂದರು. ನ್ಯಾಯಾಧೀಶರ ಕೈಗೆ ತೀರಾ ಹೆಚ್ಚು ಅಧಿಕಾರ ಕೊಡುವ ಪದಗಳನ್ನು ಹಾಕಿಕೊಳ್ಳಬೇಡಿ ಎಂಬ ಸಲಹೆ ಅಲ್ಲಿ ಸಿಕ್ಕಿತು. ಹೀಗಾಗಿ ನಮ್ಮ 21ನೇ ವಿಧಿ ಬಹಳ ಚಿಕ್ಕದು. ಕಾನೂನು ಗೊತ್ತುಮಾಡಿದ ಕ್ರಮದ ಹೊರತಾಗಿ ಯಾವ ವ್ಯಕ್ತಿಯ ಜೀವವನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುವಂತಿಲ್ಲ. ಇಷ್ಟೇ.

‘ವೈಯಕ್ತಿಕ ಸ್ವಾತಂತ್ರ್ಯ’ ಎಂಬ ಆ ಎರಡು ಪದಗಳ ಹೊಟ್ಟೆಯೊಳಗೆ ಏನೇನಿದೆ ಎಂದು ತೆಗೆದು ನೋಡಲು ನಮಗೆ ಎಪ್ಪತ್ತು ವರ್ಷ ಹಿಡಿಯಿತು.

ಉತ್ತರ ಪ್ರದೇಶದಲ್ಲಿ ಖರಕ್ ಸಿಂಗ್ ಎಂಬವನಿದ್ದ. 1941ರಲ್ಲಿ ಒಂದು ಡಕಾಯಿತಿ ಪ್ರಕರಣದಲ್ಲಿ ಅವನನ್ನು ಹಿಡಿದು, ಸಾಕ್ಷ್ಯ ಇಲ್ಲವೆಂದು ಬಿಟ್ಟಿದ್ದರು. ಆದರೂ ಠಾಣೆಯಲ್ಲಿ ಅವನ ಹೆಸರಿನ ಕಡತ ತೆರೆಯಿತು. ರಾತ್ರಿ ಹೊತ್ತು ಬಾಗಿಲು ಬಡಿಯುವುದು, ಎಬ್ಬಿಸಿ ‘ಇದ್ದೀಯಾ?’ ಎಂದು ನೋಡಿ ಹೋಗುವುದು. ಬೇರೆ ಊರಿಗೆ ಹೊರಟರೆ ತಿಳಿಸಿ ಹೋಗಬೇಕು. ಅವನು ಸುಪ್ರೀಂ ಕೋರ್ಟಿಗೆ ಹೋದ. 1962ರಲ್ಲಿ ಆರು ನ್ಯಾಯಮೂರ್ತಿಗಳ ಪೀಠ ರಾತ್ರಿ ಬಾಗಿಲು ಬಡಿಯುವುದನ್ನು ನಿಲ್ಲಿಸಿತು. ಆದರೆ ಖಾಸಗಿತನ ಎಂಬ ಹಕ್ಕು ನಮ್ಮ ಸಂವಿಧಾನದಲ್ಲಿಲ್ಲ ಎಂದೂ ಬಹುಮತದ ತೀರ್ಪಿನಲ್ಲಿ ಹೇಳಿಬಿಟ್ಟಿತು. ‘ಇದೆ’ ಎಂದು ಬೇರೆಯಾಗಿ ಬರೆದವರು ನ್ಯಾಯಮೂರ್ತಿ ಸುಬ್ಬರಾವ್. ಅದಕ್ಕೂ ಮುಂಚೆ 1954ರಲ್ಲಿ ಎಂಟು ನ್ಯಾಯಮೂರ್ತಿಗಳು ಇನ್ನೊಂದು ಪ್ರಕರಣದಲ್ಲಿ ಅಮೆರಿಕದ ನಾಲ್ಕನೆಯ ತಿದ್ದುಪಡಿಯಂಥದ್ದು ನಮ್ಮಲ್ಲಿಲ್ಲ ಎಂದಿದ್ದರು.

ಇಷ್ಟನ್ನು ಮಕ್ಕಳಿಗೆ ಓದಿ ಹೇಳುತ್ತಿದ್ದಾಗ ಅಡುಗೆಮನೆಯಿಂದ ನಮ್ಮ ಮನೆಯವರ ದನಿ ಬಂತು. ‘ಏನ್ರೀ, ನನ್ನ ಸಾಸಿವೆ ಡಬ್ಬೀಲಿ ಎಷ್ಟೈತಿ ಅಂತ ನಿಮ್ಗೆ ಗೊತ್ತೇನು?’

‘ಇಲ್ಲ’ ಎಂದೆ.

‘ಐವತ್ತು ವರ್ಷ ಆತು ನೋಡ್ರಿ. ಬ್ಯಾಂಕಿನೋರ ಮನೇಲೇ ಇದ್ದು, ಬ್ಯಾಂಕಿನೋರಿಗೆ ಗೊತ್ತಿಲ್ಲ.’

ಅಮೆರಿಕದ ಮೊಮ್ಮಗಳಿಗೆ ಸಾಸಿವೆ ಡಬ್ಬಿ ಎಂದರೇನೆಂದು ವಿವರಿಸಬೇಕಾಯಿತು. ಅಜ್ಜಿಯರಿಗೆ ನಾನು ಹೇಳಬೇಕಾಗಿಲ್ಲ. ಸಂತೆಯ ಚಿಲ್ಲರೆ, ಹಾಲು ಮಾರಿದ್ದು, ತವರಿಂದ ಬಂದಾಗ ಅಣ್ಣ ಕೈಯಲ್ಲಿಟ್ಟದ್ದು, ಎಲ್ಲ ಸಾಸಿವೆಯ ಅಡಿಗೆ. ಗಂಡಸರಿಗೆ ಗೊತ್ತಿಲ್ಲದ ಆ ದುಡ್ಡಿನಿಂದ ಎಷ್ಟು ಮಕ್ಕಳ ಫೀಜು ಕಟ್ಟಿದೆಯೋ, ಎಷ್ಟು ಹೆರಿಗೆಗೆ ಗಾಡಿ ಬಂದಿದೆಯೋ ಲೆಕ್ಕವಿಟ್ಟವರಿಲ್ಲ.

ಹೆಂಡತಿ ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಬೇರೆ ಒಬ್ಬ ಹೆಣ್ಣುಮಗಳು ನೆನಪಾದಳು. ಇದನ್ನು ಇದುವರೆಗೆ ಮನೆಯಲ್ಲೂ ಹೇಳಿರಲಿಲ್ಲ.

ಎಂಬತ್ತರ ದಶಕ. ನಾನಿದ್ದ ಶಾಖೆಗೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬಾಕೆ ಬರುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಇಪ್ಪತ್ತೋ ಇಪ್ಪತ್ತೈದೋ ಕಟ್ಟಿ ಹೋಗುತ್ತಿದ್ದಳು. ಸಹಿ ಬಾರದು, ಹೆಬ್ಬೆಟ್ಟು. ಪಾಸ್‌ಬುಕ್ಕನ್ನು ಮನೆಗೆ ಒಯ್ಯುತ್ತಿರಲಿಲ್ಲ, ಭಟ್ಟಿಯಲ್ಲೇ ಎಲ್ಲೋ ಇಟ್ಟಿರುತ್ತಿದ್ದಳು. ಮಗಳನ್ನು ಹೈಸ್ಕೂಲಿಗೆ ಹಾಕಬೇಕು ಎಂದು ಒಮ್ಮೆ ಹೇಳಿದ್ದಳು. ಒಂದು ದಿನ ಅವಳ ಗಂಡ ಬಂದ. ಒಳ್ಳೆಯ ಮಾತುಗಾರ. ‘ಸ್ವಾಮಿ, ನಮ್ಮಾಕಿ ಪಾಸ್‌ಬುಕ್ ಕಳಕೊಂಡಾಳೆ, ಎಷ್ಟೈತಿ ಸ್ವಲ್ಪ ನೋಡ್ರಿ’ ಎಂದ. ಕೌಂಟರಿನಲ್ಲಿ ಜನ. ಗಂಡನೇ ತಾನೇ ಕೇಳುತ್ತಿರುವುದು ಎಂದು ಲೆಡ್ಜರ್ ತೆರೆದು ಮೊತ್ತ ಹೇಳಿದೆ. ಒಂದು ಸಾವಿರದ ಎಂಟುನೂರ ಚಿಲ್ಲರೆ. ಅರ್ಧ ನಿಮಿಷದ ಕೆಲಸ.

ಮುಂದಿನ ವಾರ ಅವಳು ಬಂದಳು. ಹಿಂದೆ ಗಂಡ. ಹಣ ತೆಗೆಯುವ ಚೀಟಿಗೆ ಹೆಬ್ಬೆಟ್ಟು ಒತ್ತಿದಳು. ನಾನು ಪಾಸು ಮಾಡಿದೆ, ಕ್ಯಾಷಿಯರ್ ಎಣಿಸಿ ಕೊಟ್ಟರು. ಹೋಗುವಾಗ ನನ್ನ ಕಡೆ ಒಮ್ಮೆ ನೋಡಿದಳು. ಬೈಯಲಿಲ್ಲ. ಆಮೇಲೆ ಅವಳು ಬ್ಯಾಂಕಿಗೆ ಬಂದದ್ದು ನಾನು ಕಾಣೆ. ಮಗಳು ಹೈಸ್ಕೂಲು ಸೇರಿದಳೋ ಇಲ್ಲವೋ ವಿಚಾರಿಸುವ ಧೈರ್ಯವೂ ಬರಲಿಲ್ಲ.

ಕೆಲಸಕ್ಕೆ ಸೇರಿದ ದಿನ ನಾನು ಒಂದು ಕಾಗದಕ್ಕೆ ಸಹಿ ಮಾಡಿದ್ದೆ. ರಾಷ್ಟ್ರೀಕೃತ ಬ್ಯಾಂಕಿನವರೆಲ್ಲ ಮಾಡುವಂಥದ್ದು, ನಿಷ್ಠೆ ಮತ್ತು ಗೋಪ್ಯತೆಯ ಘೋಷಣೆ. ಗ್ರಾಹಕರ ವ್ಯವಹಾರವನ್ನು ಸಂಬಂಧವಿಲ್ಲದವರಿಗೆ ಹೇಳುವುದಿಲ್ಲ ಎಂದು. 1970ರ ಬ್ಯಾಂಕ್ ರಾಷ್ಟ್ರೀಕರಣ ಕಾನೂನಿನಲ್ಲೇ ಅದು ಇದೆ. ಸಹಿ ಹಾಕುವಾಗ ಅದೊಂದು ಫಾರಂ, ಅಷ್ಟೆ. ದೊಡ್ಡ ಸೇಟುಗಳ ಗುಟ್ಟು ಕಾಯುವುದಕ್ಕೆ ಮಾಡಿದ್ದು ಎಂದುಕೊಂಡಿದ್ದೆ.

ಆದ್ದರಿಂದ ಬ್ಯಾಂಕಿನ ಒಂದು ಕೇಸು ನನಗೆ ತೀರಾ ಹತ್ತಿರದ್ದು. ಮೊದಲು ಅಮೆರಿಕದ್ದು ಕೇಳಿ. 1976ರಲ್ಲಿ ಮಿಲ್ಲರ್ ಎಂಬಾತನ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಗ್ರಾಹಕ ತನ್ನ ಕಾಗದಗಳನ್ನು ಬ್ಯಾಂಕಿಗೆ ಕೊಟ್ಟ ಮೇಲೆ ಅವು ಬ್ಯಾಂಕಿನವು, ನಾಲ್ಕನೆಯ ತಿದ್ದುಪಡಿಯ ರಕ್ಷಣೆ ಅವಕ್ಕಿಲ್ಲ ಎಂದಿತು. ಜನರಿಗೆ ಸರಿಕಾಣಲಿಲ್ಲ. ಎರಡೇ ವರ್ಷದಲ್ಲಿ, 1978ರಲ್ಲಿ, ಅಲ್ಲಿನ ಸಂಸತ್ತು ಗ್ರಾಹಕರ ಹಣಕಾಸಿನ ಗೋಪ್ಯತೆಗೆಂದೇ ಬೇರೆ ಕಾನೂನು ಮಾಡಬೇಕಾಯಿತು.

ನಮ್ಮಲ್ಲಿ ಇದೇ ಪ್ರಶ್ನೆ ಬಂದದ್ದು ಕೆನರಾ ಬ್ಯಾಂಕಿನ ಮೂಲಕ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಕಟ್ಟಿದ ಬ್ಯಾಂಕು. ಸ್ಟಾಂಪು ಶುಲ್ಕ ಸರಿಯಾಗಿ ಕಟ್ಟಿದ್ದಾರೋ ಇಲ್ಲವೋ ನೋಡುವ ನೆಪದಲ್ಲಿ ಬ್ಯಾಂಕಿಗೆ ನುಗ್ಗಿ ಗ್ರಾಹಕರ ಕಾಗದಗಳನ್ನು ತಡಕಾಡಲು, ಒಯ್ಯಲು ಅಧಿಕಾರ ಕೊಡುವ ತಿದ್ದುಪಡಿಯೊಂದನ್ನು ಆಂಧ್ರಪ್ರದೇಶ ಮಾಡಿತ್ತು. ಕಾರಣ ಬರೆಯಬೇಕಿಲ್ಲ. ಜಿಲ್ಲಾಧಿಕಾರಿ ಕಳಿಸಿದ ಯಾರಾದರೂ ಬರಬಹುದು. ಬಾಸ್ಟನ್ನಿನ ಖಾಲಿ ಚೆಕ್ಕು ಹೈದರಾಬಾದಿಗೆ ಬಂದಂತಾಯಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಅಮೆರಿಕದ ಮಿಲ್ಲರ್ ತೀರ್ಪನ್ನು ಎದುರಿಗಿಟ್ಟುಕೊಂಡೇ ಅದನ್ನು ಒಪ್ಪದೆ, ಕಾಗದ ಬ್ಯಾಂಕಿನ ಕಪಾಟಿನಲ್ಲಿದ್ದರೂ ಗ್ರಾಹಕನ ಖಾಸಗಿತನ ಹೋಗುವುದಿಲ್ಲ ಎಂದಿತು. ಈ ತೀರ್ಪು ನಾನು ಓದಿದ್ದು ನಿವೃತ್ತನಾದ ಎಷ್ಟೋ ವರ್ಷದ ಮೇಲೆ. ಓದಿದಾಗ ಕಣ್ಣ ಮುಂದೆ ಬಂದದ್ದು ಸೇಟುಗಳಲ್ಲ, ಮಂಡಕ್ಕಿ ಭಟ್ಟಿಯಾಕೆ.

ಇನ್ನು ನಾನು ಹೇಳಿದ ಅಜ್ಜ. ಕೆ.ಎಸ್. ಪುಟ್ಟಸ್ವಾಮಿ. 1926ರಲ್ಲಿ ಹುಟ್ಟಿದವರು, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾಗಿದ್ದರು. 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಗ ಆಧಾರ್‌ಗೆ ಜನರ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಳ್ಳುತ್ತಿದ್ದರು. ಅದಕ್ಕೊಂದು ಕಾನೂನೇ ಆಗಿರಲಿಲ್ಲ. ಕಾನೂನಿಲ್ಲದೆ ಇದು ಹೇಗೆ ಸರಿ ಎಂಬುದು ಅವರ ಪ್ರಶ್ನೆ. (ಕಾನೂನು ಬಂದದ್ದು 2016ರಲ್ಲಿ.) 86ನೇ ವಯಸ್ಸಿನಲ್ಲಿ ನಮ್ಮಂಥವರು ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಲು ಹೋಗುವುದೇ ಒಂದು ಸಾಹಸ!

2015ರಲ್ಲಿ ಸರ್ಕಾರದ ಪರ ವಾದ ಬಂತು: ಖಾಸಗಿತನ ಮೂಲಭೂತ ಹಕ್ಕೇ ಅಲ್ಲ, 1954ರ ಮತ್ತು 1962ರ ತೀರ್ಪುಗಳನ್ನು ನೋಡಿ. ಮಕ್ಕಳೇ, ಇಲ್ಲೊಂದು ಲೆಕ್ಕವಿದೆ. ಸುಪ್ರೀಂ ಕೋರ್ಟಿನ ಹಳೆಯ ತೀರ್ಪನ್ನು ತೆಗೆದುಹಾಕಬೇಕಾದರೆ ಹಿಂದೆ ಕೂತಿದ್ದಕ್ಕಿಂತ ಹೆಚ್ಚು ಮಂದಿ ನ್ಯಾಯಮೂರ್ತಿಗಳು ಕೂರಬೇಕು. 1954ರಲ್ಲಿ ಕೂತವರು ಎಂಟು. ಹಾಗಾಗಿ ಈಗ ಒಂಬತ್ತು ಮಂದಿ ಕೂತರು. ಅವರಲ್ಲಿ ನಮ್ಮ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಅವರೂ ಒಬ್ಬರು. 2017ರ ಆಗಸ್ಟ್ 24ರಂದು ತೀರ್ಪು ಬಂತು. ಒಂಬತ್ತಕ್ಕೆ ಒಂಬತ್ತು. ಖಾಸಗಿತನ ಮೂಲಭೂತ ಹಕ್ಕು, 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಒಳಗೇ ಅದು ಇದೆ. 1954ರ, 1962ರ ತೀರ್ಪುಗಳಲ್ಲಿ ಅದಿಲ್ಲವೆಂದಿದ್ದ ಭಾಗ ಬಿದ್ದುಹೋಯಿತು. ಸುಬ್ಬರಾವ್ ಅವರು ಬೇರೆಯಾಗಿ ಬರೆದಿಟ್ಟದ್ದು 55 ವರ್ಷದ ನಂತರ ಗೆದ್ದಿತು.

ಅದೇ ತೀರ್ಪಿನಲ್ಲಿ ಇನ್ನೊಂದು ಸಂಗತಿಯಿದೆ, ಅಜ್ಜ ಮೊಮ್ಮಕ್ಕಳು ಕೂತು ಓದುವಂಥದ್ದು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಜೈಲಿಗೆ ಹಾಕಿದವರು ಕೋರ್ಟಿಗೆ ಹೋಗುವ ಹಾಗೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಬೆಂಗಳೂರಿನ ಜೈಲಿನಲ್ಲಿದ್ದ ವಾಜಪೇಯಿ, ಅಡ್ವಾಣಿಯವರಂಥವರಿಗೂ ಅದೇ ಗತಿ. ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಿರಲಿಲ್ಲ. ಒಪ್ಪಿದ್ದ ನಾಲ್ವರಲ್ಲಿ ವೈ.ವಿ. ಚಂದ್ರಚೂಡ್ ಇದ್ದರು. 2017ರಲ್ಲಿ ಆ ತೀರ್ಪು ತಪ್ಪು ಎಂದು ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. ಅಪ್ಪನ ತಪ್ಪನ್ನು ಮಗ ಕೋರ್ಟಿನಲ್ಲಿ ಕೂತು ತಿದ್ದಿದ.

ಪುಟ್ಟಸ್ವಾಮಿಯವರು ಎಲ್ಲವನ್ನೂ ಗೆದ್ದರು ಎನ್ನುವಂತಿಲ್ಲ. 2018ರ ಸೆಪ್ಟೆಂಬರ್ 26ರಂದು ಐವರ ಪೀಠ ನಾಲ್ಕು-ಒಂದರ ಬಹುಮತದಲ್ಲಿ ಆಧಾರ್ ಕಾನೂನನ್ನು ಎತ್ತಿಹಿಡಿಯಿತು. ಸರ್ಕಾರದ ಸಹಾಯಧನಕ್ಕೆ, ಪ್ಯಾನ್ ಕಾರ್ಡಿಗೆ ಅದು ಉಳಿಯಿತು. ಆದರೆ ಬ್ಯಾಂಕ್ ಖಾತೆಗೂ ಮೊಬೈಲ್ ಸಿಮ್ಮಿಗೂ ಆಧಾರ್ ಜೋಡಿಸಲೇಬೇಕೆಂಬ ಕಡ್ಡಾಯ ಬಿದ್ದುಹೋಯಿತು. ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯವಲ್ಲ ಎಂದೂ ಹೇಳಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ದೇಶದ ಕಾನೂನು ವಿದ್ಯಾರ್ಥಿಗಳಿಗೆಲ್ಲ ಅವರ ಹೆಸರು ಬಾಯಿಪಾಠ. ನಮ್ಮ ಕಡೆ ಕೇಳಿದರೆ ಎಷ್ಟು ಮಂದಿಗೆ ಗೊತ್ತೋ.

ಪಂಚಾಯ್ತಿಗೆ ಮರಳೋಣ. ಇಷ್ಟು ಕೇಳಿದ ಮೊಮ್ಮಗಳ ಪ್ರಶ್ನೆ: ‘ಅಜ್ಜ, ನನ್ನ ಪಾಸ್‌ಪೋರ್ಟ್ ಅಮೆರಿಕದ್ದು. ಇಲ್ಲಿ ಈ ಹಕ್ಕು ನಂಗಿದೆಯಾ?’

ಒಳ್ಳೆಯ ಪ್ರಶ್ನೆ. ನಮ್ಮ ಸಂವಿಧಾನದಲ್ಲಿ ಕೆಲವು ಹಕ್ಕುಗಳು ‘ನಾಗರಿಕ’ರಿಗೆ, ಕೆಲವು ‘ವ್ಯಕ್ತಿ’ಗೆ. ಮಾತಿನ ಸ್ವಾತಂತ್ರ್ಯದ 19ನೇ ವಿಧಿ ನಾಗರಿಕರಿಗೆ. ಆದರೆ 14, 20, 21, 22 ಯಾವ ವ್ಯಕ್ತಿಗಾದರೂ ಸರಿ. ಕೊಂಡಜ್ಜಿಯ ಜಗಲಿಯಲ್ಲಿ ಕೂತ ಅಮೆರಿಕದ ಹುಡುಗಿಗೂ. ಅಲ್ಲೂ ಹೆಚ್ಚುಕಡಿಮೆ ಹೀಗೆಯೇ. ಅವಳು ಹುಟ್ಟಿನಿಂದಲೇ ಅಲ್ಲಿನ ಪ್ರಜೆ, 1868ರ ಹದಿನಾಲ್ಕನೆಯ ತಿದ್ದುಪಡಿಯ ಪ್ರಕಾರ. ಅವಳಪ್ಪ, ಅಂದರೆ ನನ್ನ ಮಗ, ವೀಸಾದ ಮೇಲೆ ಇರುವವನು. ಅವನಿಗೆ ಅಲ್ಲಿ ಓಟಿಲ್ಲ. ಆದರೆ ಪೊಲೀಸರು ಹಿಡಿದರೆ ಬಾಯಿ ಮುಚ್ಚಿಕೊಂಡಿರುವ ಹಕ್ಕು, ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಅವನಿಗೂ ಉಂಟು.

‘ಬಾಯಿ ಮುಚ್ಚಿಕೊಂಡಿರೋದು ಹಕ್ಕಾ? ನಮ್ಮ ಕ್ಲಾಸಿನಾಗೆ ಅದು ಶಿಕ್ಷೆ’ ಎಂದ ಮೊಮ್ಮಗ.

ಅವಳಿಗೆ ಅದು ಸಿನಿಮಾದಿಂದ ಗೊತ್ತು. ಕೈಕೋಳ ತೊಡಿಸುತ್ತ ಪೊಲೀಸರು ‘ಸುಮ್ಮನಿರುವ ಹಕ್ಕು ನಿನಗಿದೆ’ ಎನ್ನುತ್ತಾರಲ್ಲ, ಅದು 1966ರ ಮಿರಾಂಡ ಎಂಬಾತನ ತೀರ್ಪಿನಿಂದ ಬಂದದ್ದು. ನಮ್ಮಲ್ಲಿ 20ನೇ ವಿಧಿಯ ಮೂರನೆಯ ಖಂಡ ಅದನ್ನೇ ಹೇಳುತ್ತದೆ. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವಂತಿಲ್ಲ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಣ ಕೇಸಿನಲ್ಲಿ, 2010ರ ಮೇ 5ರಂದು, ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಿತು. ತಲೆಯೊಳಗೆ ಇರುವುದೂ ಒಂದು ಸಾಸಿವೆ ಡಬ್ಬಿಯೇ. ಇನ್ನೂ ಒಂದು ವಿಷಯದಲ್ಲಿ ನಾವು ಅಮೆರಿಕಕ್ಕಿಂತ ಮುಂದೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ನಮ್ಮಲ್ಲಿ ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾನೂನಿನಿಂದಲೂ ಹೀಗಿದೆ, ಹೊಸ ಕಾನೂನಿನಲ್ಲೂ ಉಳಿದಿದೆ. ಇದನ್ನು ಕೇಳಿ ಮೊಮ್ಮಗ ಅವಳ ಕಡೆ ನೋಡಿದ ನೋಟ, ಕ್ರಿಕೆಟ್ ಮ್ಯಾಚು ಗೆದ್ದಂತಿತ್ತು.

ಹಿರಿಯರಿಗೆ ಎರಡು ಮಾತು ಹೇಳಲೇಬೇಕು. 22ನೇ ವಿಧಿಯ ಪ್ರಕಾರ ಬಂಧಿಸಿದರೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. ಈಗ ಫೋನಿನಲ್ಲಿ ಖಾಕಿ ತೊಟ್ಟವನೊಬ್ಬ ಕಾಣಿಸಿಕೊಂಡು, ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದೆ, ಕ್ಯಾಮೆರಾ ಮುಂದಿಂದ ಏಳಬೇಡಿ, ಮಕ್ಕಳಿಗೂ ಹೇಳಬೇಡಿ, ಹಣ ವರ್ಗಾಯಿಸಿ’ ಎನ್ನುತ್ತಾನೆ. ನಮ್ಮ ವಯಸ್ಸಿನವರು ಹೆದರಿ ಜೀವಮಾನದ ಗಳಿಕೆ ಕಳಿಸುತ್ತಾರೆ. ಅಂಥ ಬಂಧನ ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಫೋನು ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನೊಂದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯದು. ಸಾಕ್ಷಿಯಾಗಿ ವಿಚಾರಿಸಬೇಕಾದಾಗ 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು, ಹೆಂಗಸರನ್ನು ಠಾಣೆಗೆ ಬಾ ಎಂದು ಕರೆಸುವಂತಿಲ್ಲ. ಅವರಿದ್ದಲ್ಲಿಗೇ ಬಂದು ಕೇಳಬೇಕು. ಲೆಕ್ಕ ಹಾಕಿ ನೋಡಿದೆವು. ಮೊಮ್ಮಗ, ಮೊಮ್ಮಗಳು, ಅಜ್ಜಿ, ನಾನು, ಜಗಲಿಯಲ್ಲಿದ್ದ ನಾಲ್ವರೂ ಆ ಒಂದೇ ವಾಕ್ಯದೊಳಗೆ ಬಂದೆವು.

ಸಂಜೆ ಮಳೆ ನಿಂತಿತು. ನೋಟ್‌ಬುಕ್ಕನ್ನು ಓದಿದ್ದು ತಪ್ಪಾಯಿತು ಎಂದು ಮೊಮ್ಮಗಳಿಗೆ ಹೇಳಿದೆ. ಮಂಡಕ್ಕಿ ಭಟ್ಟಿಯಾಕೆಯ ಕತೆಯನ್ನು ಅವಳು ಮರೆತಿರಲಿಲ್ಲ. ‘ಅವರಿಗೂ ಹೇಳಿದ್ರಾ?’ ಎಂದು ಕೇಳಿದಳು. ಇಲ್ಲ ಎಂದೆ. ಅವಳು ಏನೂ ಹೇಳದೆ ಪಕ್ಕದಲ್ಲಿ ಬಂದು ಕೂತಳು. ಕತ್ತಲಾಗುವವರೆಗೂ ಕೂತಿದ್ದೆವು.

ಆಗಸ್ಟ್ ಕೊನೆಗೆ ಅವಳು ಹೊರಟಳು. ಅಜ್ಜಿ ಅವಳ ಕೈಗೆ ಐನೂರರ ಎರಡು ನೋಟು ಇಟ್ಟಳು. ನೋಟುಗಳಿಗೆ ಸಾಸಿವೆಯ ವಾಸನೆ ಇತ್ತಂತೆ, ಮೊಮ್ಮಗಳು ಹೇಳಿದ್ದು. ಆಮೇಲೆ ಒಮ್ಮೆ ಏನೋ ಹುಡುಕಲು ಅಡುಗೆಮನೆಗೆ ಹೋದಾಗ ನೋಡಿದೆ, ಡಬ್ಬಿ ಹಳೆಯ ಜಾಗದಲ್ಲಿಲ್ಲ. ಎಲ್ಲಿಟ್ಟಿದ್ದೀ ಎಂದು ನಾನು ಕೇಳಿಲ್ಲ.